ಒಂದೇ ಮುಖ, ಹಲವು ಕಾಲ: ‘ಡಾರ್ಕ್ ಶ್ಯಾಡೋಸ್’ ಅಭಿಮಾನಿಗಳು ನಟರ ಸುದ್ದಿಯನ್ನೇ ಯಾಕೆ ಮಾತಾಡುತ್ತಾರೆ?

‘ಡಾರ್ಕ್ ಶ್ಯಾಡೋಸ್’ ಎಂಬ ಹಳೆಯ ಅಮೆರಿಕನ್ ಟಿವಿ ಧಾರಾವಾಹಿಯ ಅಭಿಮಾನಿಗಳ ಮಾತಿನ ನಡುವೆ ಹೊಸಬರು ಹೋಗಿ ಕೂತರೆ ಮೊದಮೊದಲು ಏನೂ ತಲೆಗೆ ಹತ್ತುವುದಿಲ್ಲ. ಒಬ್ಬಳೇ ನಟಿಯನ್ನು ಮ್ಯಾಗಿ, ಜೋಸೆಟ್, ರೇಚಲ್, ಕಿಟ್ಟಿ ಎಂದು ನಾಲ್ಕು ಹೆಸರಿನಲ್ಲಿ ಕರೆಯುತ್ತಾರೆ. ಈಗಷ್ಟೇ ಅಕ್ಕ-ತಮ್ಮ ಎಂದ ಇಬ್ಬರನ್ನು ಮುಂದಿನ ಮಾತಿನಲ್ಲಿ ಗಂಡ-ಹೆಂಡತಿ ಎನ್ನುತ್ತಾರೆ. ಸತ್ತವನು ಮರುವಾರ ಮೀಸೆ ಬದಲಿಸಿಕೊಂಡು ಬಂದದ್ದರಲ್ಲಿ ಅವರಿಗೆ ವಿಚಿತ್ರವೇನೂ ಕಾಣುವುದಿಲ್ಲ. ಅಲ್ಲಿಂದ ಮಾತು ಒಮ್ಮೆಲೇ ಕಥೆ ಬಿಟ್ಟು ಹೊರಗೆ ಜಿಗಿಯುತ್ತದೆ: ಇವರು ಆಮೇಲೆ ಯಾವ ಸಿನಿಮಾದಲ್ಲಿ ಮಾಡಿದರು, ಅವರು ಯಾಕೆ ನಟನೆ ಬಿಟ್ಟರು, ಇನ್ನೊಬ್ಬರಿಗೆ ಬ್ರಾಡ್‌ವೇ ಹೇಗೆ ಒಲಿಯಿತು. ಅಭಿಮಾನಿಗಳು ತಾರೆಯರ ಸುದ್ದಿ ಮಾತಾಡುವುದು ಎಲ್ಲ ಕಡೆಯೂ ಉಂಟು. ಆದರೆ ಇಲ್ಲಿ ಅದು ಕಥೆಯಿಂದ ಬೇರೆಯಾದ ಹರಟೆ ಅಲ್ಲ. ಪಾತ್ರವನ್ನು ದಾಟಿ ನಟನ ಮುಖವನ್ನು ಹಿಂಬಾಲಿಸುವ ಅಭ್ಯಾಸವನ್ನು ಈ ಧಾರಾವಾಹಿಯೇ ತನ್ನ ನೋಡುಗರಿಗೆ ಕಲಿಸಿತು. ಹೇಗೆ ಎಂದು ತಿಳಿಯಬೇಕಾದರೆ ಅದು ತಯಾರಾಗುತ್ತಿದ್ದ ರೀತಿಯಿಂದಲೇ ಶುರು ಮಾಡಬೇಕು.

ಅಮೆರಿಕದ ಎಬಿಸಿ ವಾಹಿನಿಯಲ್ಲಿ ಇದು 1966ರ ಜೂನ್ 27ರಿಂದ 1971ರ ಏಪ್ರಿಲ್ 2ರವರೆಗೆ ನಡೆಯಿತು. ವಾರಕ್ಕೆ ಐದು ದಿನ, ಹಗಲು ಹೊತ್ತಿನಲ್ಲಿ, ಅರ್ಧ ಗಂಟೆ. ಒಟ್ಟು 1,225 ಕಂತುಗಳು. ಕೊನೆಯ ಕಂತಿನ ಮೇಲೆ 1,245 ಎಂದಿರುವುದು ನೋಡಿ ಇಪ್ಪತ್ತು ಕಂತು ಕಳೆದುಹೋಗಿವೆ ಎಂದುಕೊಳ್ಳಬೇಡಿ. ಬೇರೆ ಕಾರ್ಯಕ್ರಮಕ್ಕೆ ಜಾಗ ಬಿಟ್ಟುಕೊಟ್ಟ ದಿನಗಳಲ್ಲಿ ಸಂಖ್ಯೆ ಹಾರಿಸುತ್ತಿದ್ದರು, ಅಷ್ಟೇ.

ಇದನ್ನು ಹುಟ್ಟುಹಾಕಿದವರು ಡ್ಯಾನ್ ಕರ್ಟಿಸ್. ಅದಕ್ಕೆ ಮೊದಲು ಅವರ ಹೆಸರು ಕೇಳಿಬರುತ್ತಿದ್ದುದು ಟಿವಿಯ ಗಾಲ್ಫ್ ಕಾರ್ಯಕ್ರಮದ ನಿರ್ಮಾಪಕ ಎಂದು. ರೈಲಿನಲ್ಲಿ ಕೂತು ಯಾವುದೋ ಅಪರಿಚಿತ ಊರಿಗೆ ಹೊರಟ ಹುಡುಗಿಯೊಬ್ಬಳ ಕನಸು ಬಿತ್ತು, ಅದರಿಂದ ಕಥೆ ಹುಟ್ಟಿತು ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಆ ಕನಸಿಗೆ ಕಥೆಯ ರೂಪ ಕೊಟ್ಟವರು ಬರಹಗಾರ ಆರ್ಟ್ ವ್ಯಾಲೇಸ್. ವಿಕ್ಟೋರಿಯಾ ವಿಂಟರ್ಸ್ ಎಂಬ ಅನಾಥ ಹುಡುಗಿ ಮೇನ್ ರಾಜ್ಯದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಕಡಲೂರಿಗೆ ಬರುತ್ತಾಳೆ. ಅಲ್ಲಿನ ಕಾಲಿನ್‌ವುಡ್ ಎಂಬ ಬಂಗಲೆಯಲ್ಲಿ ಒಬ್ಬ ಹುಡುಗನಿಗೆ ಪಾಠ ಹೇಳುವುದು ಅವಳ ಕೆಲಸ. ಆ ಮನೆಯ ಯಜಮಾನಿ ಎಲಿಜಬೆತ್ ಹದಿನೆಂಟು ವರ್ಷದಿಂದ ಹೊಸ್ತಿಲು ದಾಟಿಲ್ಲ. ನೆಲಮಾಳಿಗೆಯ ಒಂದು ಕೋಣೆಗೆ ಸದಾ ಬೀಗ.

ಗಾಥಿಕ್ ಕಥೆಯ ಸಾಮಗ್ರಿ ಪೂರ್ತಿ ಇಷ್ಟೇ: ದೊಡ್ಡ ಮನೆ, ಹೊರಗಿನಿಂದ ಬಂದ ಹೆಣ್ಣು, ಬೀಗ ಹಾಕಿದ ಕೋಣೆ, ಮನೆತನ ಮುಚ್ಚಿಟ್ಟ ಹಳೆಯ ಪಾಪ. ದೆವ್ವ ಇರಬಹುದು, ಇರದೆಯೂ ಇರಬಹುದು. ಸತ್ತುಹೋದ ಕಾಲ ಬದುಕಿರುವವರ ಕೊರಳು ಬಿಡದಿರುವುದೇ ಆ ಪ್ರಕಾರದ ಜೀವಾಳ. ಅರವತ್ತರ ದಶಕದಲ್ಲಿ ಅಮೆರಿಕದ ಅಂಗಡಿಗಳ ತುಂಬ ಇಂಥ ಅಗ್ಗದ ಕಾದಂಬರಿಗಳಿದ್ದವು. ಮುಖಪುಟದಲ್ಲಿ ಕತ್ತಲ ಬಂಗಲೆ, ಒಂದೇ ಕಿಟಕಿಯಲ್ಲಿ ಬೆಳಕು, ಮುಂದುಗಡೆ ಓಡುತ್ತಿರುವ ಹೆಣ್ಣು. ಆ ಓದುಗರನ್ನು ಟಿವಿ ಮುಂದೆ ಕೂರಿಸುವುದು ಕರ್ಟಿಸ್ ಲೆಕ್ಕಾಚಾರ.

ಎಲಿಜಬೆತ್ ಪಾತ್ರಕ್ಕೆ ಬಂದವರು ಜೋನ್ ಬೆನೆಟ್. ಇದು ಸಣ್ಣ ಮಾತಲ್ಲ. ನಲವತ್ತರ ದಶಕದಲ್ಲಿ ಫ್ರಿಟ್ಜ್ ಲಾಂಗ್ ನಿರ್ದೇಶನದ ‘ದಿ ವುಮನ್ ಇನ್ ದಿ ವಿಂಡೋ’, ‘ಸ್ಕಾರ್ಲೆಟ್ ಸ್ಟ್ರೀಟ್’ ಚಿತ್ರಗಳ ನಾಯಕಿ ಅವರು. 1951ರಲ್ಲಿ ಅವರ ಗಂಡ, ನಿರ್ಮಾಪಕ ವಾಲ್ಟರ್ ವ್ಯಾಂಗರ್, ಬೆನೆಟ್ ಅವರ ಏಜೆಂಟ್ ಮೇಲೆ ಗುಂಡು ಹಾರಿಸಿದ. ಹಾರಿಸಿದವನು ಕೆಲವು ತಿಂಗಳು ಸೆರೆವಾಸ ಮುಗಿಸಿ ಬಂದು ಮತ್ತೆ ಸಿನಿಮಾ ಮಾಡಿದ, ಅವಕಾಶ ಬತ್ತಿಹೋದದ್ದು ಬೆನೆಟ್‌ಗೆ. ಹಗಲು ಧಾರಾವಾಹಿ ಎಂದರೆ ಹಾಲಿವುಡ್ ಮಂದಿ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅವರು ನ್ಯೂಯಾರ್ಕಿನ ಈ ಕೆಲಸ ಒಪ್ಪಿಕೊಂಡು ಕೊನೆಯವರೆಗೂ ನಿಂತರು. ಬಾಗಿಲು ಹಾಕಿಕೊಂಡ ಮನೆಯ ಗುಟ್ಟಿನ ಮೇಲೆಯೇ ನಡೆಯುವ ‘ಸೀಕ್ರೆಟ್ ಬಿಯಾಂಡ್ ದಿ ಡೋರ್’ ಎಂಬ ಲಾಂಗ್ ಚಿತ್ರದಲ್ಲಿ ಹೊಸ ಮದುವಣಗಿತ್ತಿಯಾಗಿದ್ದ ನಟಿ ಇಪ್ಪತ್ತು ವರ್ಷದ ನಂತರ ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡ ಯಜಮಾನಿಯಾಗಿ ಬಂದಳು ಎಂಬುದು ಹಳೆಯ ಅಭಿಮಾನಿಗಳಿಗೆ ಬಲು ಇಷ್ಟದ ವಿಷಯ.

ಇಷ್ಟಾದರೂ ಮೊದಲ ತಿಂಗಳುಗಳು ನಿಧಾನ. ನೋಡುವವರು ಕಡಿಮೆ, ವಾಹಿನಿಗೆ ಅಸಮಾಧಾನ. ಕರ್ಟಿಸ್ ಮೆಲ್ಲಗೆ ದೆವ್ವಗಳನ್ನು ಒಳಗೆ ಬಿಟ್ಟರು. ಮೊದಲು ಜೋಸೆಟ್ ಎಂಬವಳ ಪ್ರೇತ, ಆಮೇಲೆ ಬೆಂಕಿಯಲ್ಲಿ ಸತ್ತು ಬೆಂಕಿಯಲ್ಲೇ ಹುಟ್ಟುವ ಲಾರಾ. ಜನ ಸ್ವಲ್ಪ ಹತ್ತಿರ ಬಂದರು. ಹೇಗೂ ನಿಲ್ಲಿಸುವ ಮಾತು ನಡೆಯುತ್ತಿದೆ, ಆದದ್ದಾಗಲಿ ಎಂದು 1967ರ ಏಪ್ರಿಲ್‌ನಲ್ಲಿ ರಕ್ತಪಿಶಾಚಿಯನ್ನೇ ತಂದರು. ವಿಲ್ಲಿ ಲೂಮಿಸ್ ಎಂಬ ಪುಂಡ ಒಡವೆಯ ಆಸೆಗೆ ಸಮಾಧಿ ಹೊಕ್ಕು ಸರಪಳಿ ಬಿಗಿದ ಶವಪೆಟ್ಟಿಗೆ ತೆರೆಯುತ್ತಾನೆ. ಒಳಗಿಂದ ಬಂದ ಕೈ ಅವನ ಕತ್ತು ಹಿಡಿಯುತ್ತದೆ. ಮರುಕಂತಿನಲ್ಲಿ ಇಂಗ್ಲೆಂಡಿನಿಂದ ಬಂದ ದೂರದ ನೆಂಟ ಎಂದು ಹೇಳಿಕೊಂಡು ಬಾರ್ನಬಸ್ ಕಾಲಿನ್ಸ್ ಬಾಗಿಲು ತಟ್ಟುತ್ತಾನೆ. ಕೆಲವು ವಾರ ಇಟ್ಟುಕೊಂಡು ಎದೆಗೆ ಗೂಟ ಹೊಡೆದು ಮುಗಿಸುವುದು ಯೋಜನೆ.

ಮುಗಿಸಲಾಗಲಿಲ್ಲ. ಅದಕ್ಕೆ ಕಾರಣ ಜೊನಾಥನ್ ಫ್ರಿಡ್. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1924ರಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ನೌಕಾಪಡೆಯಲ್ಲಿ ಕೆಲಸ ಮಾಡಿ, ಆಮೇಲೆ ಯೇಲ್‌ನಲ್ಲಿ ನಿರ್ದೇಶನ ಕಲಿತ ರಂಗನಟ. ನಲವತ್ತು ದಾಟಿದ್ದ ಅವರು ನಟನೆಗಿಂತ ಪಾಠ ಹೇಳುವ ಕೆಲಸ ವಾಸಿ ಎಂದುಕೊಂಡಿದ್ದ ಹೊತ್ತು ಅದು. ದಿನಕ್ಕೊಂದು ಕಂತಿನ ಮಾತುಗಳನ್ನು ಬಾಯಿಪಾಠ ಮಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ಕಣ್ಣು ಕ್ಯಾಮೆರಾ ಪಕ್ಕದಲ್ಲಿ ಮಾತು ಬರೆದು ತೋರಿಸುವ ಟೆಲಿಪ್ರಾಂಪ್ಟರ್ ಕಡೆ ಜಾರುತ್ತಿತ್ತು, ಮಾತಿನ ನಡುವೆ ತಡಕಾಟ, ಹಣೆಯಲ್ಲಿ ಆತಂಕ. ಮನೆಯಲ್ಲಿ ಕೂತು ನೋಡುವವರಿಗೆ ಅದು ಹಾಗೆ ಕಾಣಲಿಲ್ಲ. ಏನನ್ನೋ ಮುಚ್ಚಿಡುತ್ತಿರುವವನು, ತನ್ನ ಸ್ವಭಾವದ ಬಗ್ಗೆ ತಾನೇ ನಾಚುತ್ತಿರುವವನು, ಆಡಬಾರದ್ದನ್ನು ಆಡಿಬಿಡುತ್ತೇನೋ ಎಂದು ಹೆದರುವವನು ಕಂಡ. ಎಲ್ಲಿ ಫ್ರಿಡ್ ಮಾತು ಮರೆತರು, ಎಲ್ಲಿ ಬಾರ್ನಬಸ್ ಹಿಂಜರಿದ ಎಂದು ಇಂದಿಗೂ ವಾದ ನಡೆಯುತ್ತದೆ. ನನ್ನ ಮಟ್ಟಿಗೆ ಆ ಗೆರೆ ಎಳೆಯಲು ಹೋಗುವುದೇ ವ್ಯರ್ಥ. ಒಳ್ಳೆಯ ನಟ ತನ್ನ ಅಳುಕನ್ನು ಪಾತ್ರದ ಖಾತೆಗೆ ಜಮಾ ಮಾಡಬಲ್ಲ, ಫ್ರಿಡ್ ಅದನ್ನು ಮಾಡಿದರು.

ಪತ್ರಗಳ ಮಳೆ ಸುರಿಯಿತು. ಗೂಟ ಹೊಡೆಯಲೆಂದು ತಂದ ಪಿಶಾಚಿಯನ್ನು ಉಳಿಸಿಕೊಳ್ಳಬೇಕಾದಾಗ ಬರಹಗಾರರು ಅವನಿಗೆ ಕಾಯಿಲೆಯಂತೆ ಚಿಕಿತ್ಸೆ ಕೊಡಿಸಲು ಹೊರಟರು. ಹಾಗೆ ಬಂದವಳು ಡಾಕ್ಟರ್ ಜೂಲಿಯಾ ಹಾಫ್‌ಮನ್. ಆ ಪಾತ್ರ ಮಾಡಿದ ಗ್ರೇಸನ್ ಹಾಲ್ 1964ರ ‘ದಿ ನೈಟ್ ಆಫ್ ದಿ ಇಗ್ವಾನಾ’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದಿದ್ದವರು. ಅವರ ಗಂಡ ಸ್ಯಾಮ್ ಹಾಲ್ ಮುಂದೆ ಇದೇ ಧಾರಾವಾಹಿಯ ಮುಖ್ಯ ಬರಹಗಾರರಲ್ಲಿ ಒಬ್ಬರಾದರು. ಬಾರ್ನಬಸ್‌ನನ್ನು ವಾಸಿ ಮಾಡಲು ಬಂದ ಡಾಕ್ಟರ್ ಅವನನ್ನೇ ಪ್ರೀತಿಸತೊಡಗುತ್ತಾಳೆ, ಅವನ ಕಣ್ಣು ಬೇರೆಯವಳ ಮೇಲೆ. ಮೂರು ವರ್ಷ ಎಳೆದ ಈ ಏಕಮುಖ ಪ್ರೀತಿ ಇಡೀ ಧಾರಾವಾಹಿಯ ಅತ್ಯಂತ ಮನುಷ್ಯಸಹಜ ಎಳೆ ಎಂದು ನನಗೆ ಅನಿಸುತ್ತದೆ.

ಒಂದೇ ಏಟಿಗೆ ಮುಗಿಯಬೇಕಾದ ಕೆಲಸ

ಚಿತ್ರೀಕರಣ ನಡೆಯುತ್ತಿದ್ದುದು ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನ ಒಂದು ಸ್ಟುಡಿಯೊದಲ್ಲಿ. ಬಂಗಲೆಯ ಹೊರನೋಟ ಮಾತ್ರ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿರುವ ಸೀವ್ಯೂ ಟೆರೇಸ್ ಎಂಬ ನಿಜವಾದ ಮನೆಯದು. ಬೆಳಿಗ್ಗೆ ಮಾತುಗಳನ್ನು ಓದಿಕೊಂಡು, ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿಕೊಂಡು, ವೇಷ ಹಾಕಿ ಒಂದು ತಾಲೀಮು. ಮಧ್ಯಾಹ್ನ ಟೇಪು ಓಡಿಸಿದರೆ ಅರ್ಧ ಗಂಟೆಯ ಕಂತು ನೇರಪ್ರಸಾರದಂತೆ ಒಂದೇ ಹರಿವಿನಲ್ಲಿ ಮುಗಿಯಬೇಕು. ಜಾಹೀರಾತಿಗೆ ಬಿಟ್ಟ ಬಿಡುವಿನಲ್ಲೇ ಮುಂದಿನ ಸೆಟ್‌ಗೆ ಓಡಬೇಕು. ಆ ಕಾಲದ ಎರಡು ಇಂಚು ಅಗಲದ ವಿಡಿಯೊ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ, ತಲೆನೋವಿನ ಕೆಲಸ. ಹಾಗಾಗಿ ದೊಡ್ಡ ಅನಾಹುತವಾಗದ ಹೊರತು ಮತ್ತೆ ತೆಗೆಯುವ ಮಾತೇ ಇಲ್ಲ.

ಅದರ ಫಲ ತೆರೆಯ ಮೇಲೆ ಎದ್ದು ಕಾಣುತ್ತದೆ. ಗೋರಿಕಲ್ಲು ಅಲ್ಲಾಡುತ್ತದೆ. ಮೈಕಿನ ನೆರಳು ಗೋಡೆಯ ಮೇಲೆ ಸರಿದಾಡುತ್ತದೆ, ಕೆಲವೊಮ್ಮೆ ಮೈಕೇ ಇಣುಕುತ್ತದೆ. ಗಂಭೀರ ಸನ್ನಿವೇಶದ ನಡುವೆ ನಟರ ಮುಖದ ಮೇಲೆ ನೊಣ ಕೂರುತ್ತದೆ. ಕಂತು ಮುಗಿದು ಹೆಸರುಗಳು ಓಡುವಾಗ, ಕ್ಯಾಮೆರಾ ಇನ್ನೂ ಚಾಲೂ ಇದೆ ಎಂಬುದು ತಿಳಿಯದೆ ಫ್ರಿಡ್ ಹ್ಯಾಂಗರಿಗೆ ಹಾಕಿದ ಬಟ್ಟೆ ಹಿಡಿದು ಸೆಟ್ ದಾಟಿಕೊಂಡು ಹೋದದ್ದೂ ಉಂಟು. ಇವನ್ನೆಲ್ಲ ಪಟ್ಟಿ ಮಾಡಿ ನಗುವುದು ಅಭಿಮಾನಿಗಳ ಹಳೆಯ ಆಟ. ಆದರೆ ನಗುವಿನ ಹಿಂದೆ ಇನ್ನೊಂದು ಸಂಗತಿ ಇದೆ. ಪ್ರತಿ ತಪ್ಪೂ ನೋಡುಗನಿಗೆ ‘ಇದು ಪಾತ್ರವಲ್ಲ, ಇದೊಬ್ಬ ಮನುಷ್ಯ, ಈ ಕ್ಷಣದಲ್ಲಿ ಪಾರಾಗಲು ಒದ್ದಾಡುತ್ತಿದ್ದಾನೆ’ ಎಂದು ನೆನಪಿಸುತ್ತದೆ. ಬಾಯಿ ತಪ್ಪಿದ ನಟನ ಕೈಹಿಡಿದು ಎದುರಿನವರು ದಡ ಸೇರಿಸುವುದನ್ನು ನೋಡಿದ ಮೇಲೆ ಆ ಎದುರಿನವರ ಹೆಸರೇನೆಂದು ತಿಳಿಯದೆ ಇರಲಾಗುವುದಿಲ್ಲ. ಈ ಕೆಲಸದಲ್ಲಿ ಜೋನ್ ಬೆನೆಟ್ ಅವರ ಹಳೆಯ ಅನುಭವ, ಎಲಿಜಬೆತ್‌ಳ ತಮ್ಮ ರೋಜರ್ ಆಗಿದ್ದ ಲೂಯಿಸ್ ಎಡ್ಮಂಡ್ಸ್ ಅವರ ರಂಗಭೂಮಿಯ ಸಮಯಪ್ರಜ್ಞೆ ಎಷ್ಟೋ ಕಂತುಗಳನ್ನು ಉಳಿಸಿವೆ.

ಖರ್ಚಿನ ಕಟ್ಟುಪಾಡಿನಿಂದಾಗಿ ಒಂದು ಕಂತಿನಲ್ಲಿ ಸಾಮಾನ್ಯವಾಗಿ ಐದಾರು ಮಂದಿ ಮಾತ್ರ ಇರುತ್ತಿದ್ದರು. ಒಟ್ಟು ತಂಡವೂ ಚಿಕ್ಕದು. ಕಥೆ ಬೇರೆ ಕಾಲಕ್ಕೆ ಹೋಗಬೇಕೆಂದಾಗ ಹೊಸ ತಂಡ ಕಟ್ಟುವ ಬದಲು ಇದ್ದವರಿಗೇ ಹೊಸ ವೇಷ ಹಾಕಿದರು. ಇಲ್ಲಿಂದ ಈ ಧಾರಾವಾಹಿಯ ನಿಜವಾದ ಜಟಿಲತೆ ಶುರು.

ಕಾಲದ ಬಾಗಿಲುಗಳು

1967ರ ನವೆಂಬರ್‌ನಲ್ಲಿ ಕಾಲಿನ್‌ವುಡ್‌ನಲ್ಲಿ ಪ್ರೇತಗಳನ್ನು ಕರೆಯಲು ಮೇಜಿನ ಸುತ್ತ ಕೂರುತ್ತಾರೆ. ದೀಪ ಆರುತ್ತದೆ. ದೀಪ ಬಂದಾಗ ವಿಕ್ಟೋರಿಯಾ ಇಲ್ಲ, ಅವಳ ಕುರ್ಚಿಯಲ್ಲಿ ಹಳೆಗಾಲದ ಉಡುಪಿನ ಅಪರಿಚಿತೆ. ವಿಕ್ಟೋರಿಯಾ 1795ಕ್ಕೆ ಬಿದ್ದಿದ್ದಾಳೆ. ಅಲ್ಲಿ ಅವಳು ಕಾಣುವುದೆಲ್ಲ ಗೊತ್ತಿರುವ ಮುಖಗಳೇ, ಹೆಸರು ಮಾತ್ರ ಬೇರೆ. ಇಂದಿನ ಎಲಿಜಬೆತ್ ಮತ್ತು ಅವಳ ತಮ್ಮ ರೋಜರ್ ಅಲ್ಲಿ ನೇಯೋಮಿ ಮತ್ತು ಜೋಶುವಾ ಎಂಬ ದಂಪತಿ, ಬಾರ್ನಬಸ್‌ನ ತಂದೆತಾಯಿ. ಡಾಕ್ಟರ್ ಜೂಲಿಯಾ ಅಲ್ಲಿ ಫ್ರೆಂಚ್ ಸಿರಿವಂತೆ ನತಾಲಿ. ಹೋಟೆಲಿನಲ್ಲಿ ಕಾಫಿ ಕೊಡುತ್ತಿದ್ದ ಮ್ಯಾಗಿ ಅಲ್ಲಿ ಬಾರ್ನಬಸ್ ಮದುವೆಯಾಗಬೇಕಿದ್ದ ಜೋಸೆಟ್. ಫ್ರಿಡ್ ಮಾತ್ರ ಬಾರ್ನಬಸ್ಸೇ, ಇನ್ನೂ ಪಿಶಾಚಿಯಾಗದ ತರುಣ.

ನಮಗೆ ಪುನರ್ಜನ್ಮದ ಕಥೆಗಳು ಹೊಸತಲ್ಲ. ಹಾಗಾಗಿ ಇದನ್ನೂ ಆ ಲೆಕ್ಕಕ್ಕೆ ಹಾಕಿಕೊಳ್ಳುವ ಮನಸ್ಸಾಗುತ್ತದೆ. ಆದರೆ ಇಲ್ಲಿ ಬಹುಮಟ್ಟಿಗೆ ಆ ನಂಟು ಇಲ್ಲ. ಎಲಿಜಬೆತ್ ಹಿಂದಿನ ಜನ್ಮದಲ್ಲಿ ನೇಯೋಮಿ ಆಗಿದ್ದಳು ಎಂದು ಕಥೆ ಹೇಳುವುದಿಲ್ಲ, ಪೂರ್ವಜನ್ಮದ ನೆನಪು ಮರುಕಳಿಸುವುದೂ ಅಪರೂಪ. ಒಂದೇ ಮನೆತನದ ರಕ್ತ, ಆದ್ದರಿಂದ ಹೋಲಿಕೆ ಎಂದು ಕೆಲವೆಡೆ ಸಮಜಾಯಿಷಿ ಸಿಗುತ್ತದೆ, ಮನೆತನಕ್ಕೆ ಸಂಬಂಧವೇ ಇಲ್ಲದವರ ವಿಷಯದಲ್ಲಿ ಅದೂ ಇಲ್ಲ. ಉಳಿತಾಯಕ್ಕೆಂದು ಮಾಡಿದ ಏರ್ಪಾಡನ್ನು ಕಥೆ ಹೆಚ್ಚು ಮಾತಿಲ್ಲದೆ ಒಪ್ಪಿಕೊಂಡಿತು, ಅರ್ಥ ಹಚ್ಚುವ ಕೆಲಸ ನೋಡುಗನ ಪಾಲಿಗೆ ಬಂತು. ಮನೆಯ ಬಾಗಿಲು ದಾಟದ ಎಲಿಜಬೆತ್‌ಳನ್ನು ವರ್ಷಗಟ್ಟಲೆ ನೋಡಿದವರು, ಮಗ ಏನಾಗಿದ್ದಾನೆಂದು ತಿಳಿದು ವಿಷ ಕುಡಿಯುವ ನೇಯೋಮಿಯನ್ನು ನೋಡಿದಾಗ ಎರಡೂ ದುಃಖಗಳು ಒಂದರ ಮೇಲೊಂದು ಕೂರುತ್ತವೆ. ಆ ಎರಡನ್ನೂ ಸೇರಿಸುವ ಏಕೈಕ ಕೊಂಡಿ ಜೋನ್ ಬೆನೆಟ್ ಮುಖ.

1795ರ ಈ ಭಾಗ ಸುಮಾರು ನಾಲ್ಕು ತಿಂಗಳು ನಡೆಯಿತು. ಆಂಜೆಲಿಕ್ ಎಂಬ ಮಾಟಗಾತಿ ತನ್ನನ್ನು ತೊರೆದ ಬಾರ್ನಬಸ್‌ನನ್ನು ಶಪಿಸಿ ಪಿಶಾಚಿ ಮಾಡುತ್ತಾಳೆ, ಜೋಸೆಟ್ ಬಂಡೆಯ ತುದಿಯಿಂದ ಕಡಲಿಗೆ ಹಾರುತ್ತಾಳೆ. ಕೊನೆಗೆ ಜೋಶುವಾ ಸ್ವಂತ ಮಗನನ್ನು ಕೊಲ್ಲಲಾರದೆ, ಬಿಡಲೂ ಆಗದೆ ಶವಪೆಟ್ಟಿಗೆಗೆ ಸರಪಳಿ ಬಿಗಿಸುತ್ತಾನೆ. 1967ರಲ್ಲಿ ವಿಲ್ಲಿ ಬಿಚ್ಚಿದ್ದು ಅದೇ ಸರಪಳಿ. ಎಡ್ಮಂಡ್ಸ್ ರೋಜರ್ ಆಗಿ ಕುಡುಕ, ಕೊಂಕುಮಾತಿನ ಸೋಮಾರಿ. ಜೋಶುವಾ ಆಗಿ ಕಲ್ಲಿನಂಥ ತಂದೆ ನಿಧಾನವಾಗಿ ಕುಸಿಯುವುದನ್ನು ತೋರಿಸುತ್ತಾರೆ. ಹಗಲು ಧಾರಾವಾಹಿಯಲ್ಲಿ ಇಂಥ ನಟನೆ ಇತ್ತೇ ಎಂದು ಇಂದಿನವರು ಬೆರಗಾಗುವುದು ಈ ಕಂತುಗಳಿಗೆ.

ಈ ಪ್ರಯೋಗ ಗೆದ್ದ ಮೇಲೆ ಕಾಲದ ಬಾಗಿಲುಗಳು ಒಂದೊಂದಾಗಿ ತೆರೆದವು. 1969ರ ಮಾರ್ಚ್‌ನಲ್ಲಿ ಬಾರ್ನಬಸ್ ಚೀನಾದ ಐ ಚಿಂಗ್ ಎಂಬ ಹಳೆಯ ಶಕುನಶಾಸ್ತ್ರದ ಕಡ್ಡಿಗಳ ನೆರವಿನಿಂದ 1897ಕ್ಕೆ ಹೋಗುತ್ತಾನೆ. ಆಮೇಲೆ ಬಂಗಲೆಯ ಪೂರ್ವಭಾಗದ ಕೋಣೆಯೊಂದರಿಂದ ‘ಸಮಾನಾಂತರ ಕಾಲ’ ಕಾಣುತ್ತದೆ. ಅದು ಹಿಂದಿನದಲ್ಲ, ಮುಂದಿನದೂ ಅಲ್ಲ. ಇದೇ ವರ್ಷ, ಇದೇ ಜನ, ಆದರೆ ಬದುಕಿನ ಕವಲಿನಲ್ಲಿ ಬೇರೆ ದಾರಿ ಹಿಡಿದವರು. ಆಮೇಲೆ 1995ಕ್ಕೆ ಒಂದು ಚಿಕ್ಕ ಭೇಟಿ, ಅಲ್ಲಿ ಮನೆ ಪಾಳುಬಿದ್ದಿದೆ. ಆ ಪಾಳಿಗೆ ಕಾರಣ ಹುಡುಕಲು 1840. ಕೊನೆಯದಾಗಿ 1841ರ ಸಮಾನಾಂತರ ಕಾಲ. ಇಷ್ಟನ್ನು ನೆನಪಿಟ್ಟುಕೊಂಡರೆ ಅಭಿಮಾನಿಗಳ ಮಾತಿನ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಉಳಿದ ಕಾಲು ಪಾಲು ತಿಂಗಳು-ವರ್ಷ ಹೊಂದದ ಜಗಳ. ಉದಾಹರಣೆಗೆ, ಮೊದಮೊದಲು ಜೋಸೆಟ್ ಕಾಲವನ್ನು 1830ರ ಆಸುಪಾಸು ಎಂದವರು ಆಮೇಲೆ ಅದನ್ನು 1795ಕ್ಕೆ ತಳ್ಳಿದರು. ಇಂಥವಕ್ಕೆ ಸಮಾಧಾನ ಹುಡುಕುವುದು ಕೆಲವರಿಗೆ ಹುಚ್ಚು, ನನಗೆ ಅದರಲ್ಲಿ ರುಚಿ ಇಲ್ಲ. ದಿನಕ್ಕೊಂದು ಕಂತು ಬರೆಯುವವರು ಹಿಂದಿನ ಪುಟ ತಿರುವಿ ನೋಡಲಿಲ್ಲ, ಅಷ್ಟೇ.

1897ರ ಭಾಗದಿಂದ ಹೊರಬಂದ ತಾರೆ ಡೇವಿಡ್ ಸೆಲ್ಬಿ. 1968ರ ಕೊನೆಗೆ ಕ್ವೆಂಟಿನ್ ಎಂಬ ಪ್ರೇತವಾಗಿ ಬಂದಾಗ ವಾರಗಟ್ಟಲೆ ಅವರಿಗೆ ಮಾತೇ ಇರಲಿಲ್ಲ. ಸುಮ್ಮನೆ ನಿಂತು ದಿಟ್ಟಿಸುವುದು, ಹಿನ್ನೆಲೆಯಲ್ಲಿ ಗ್ರಾಮಫೋನಿನ ಒಂದು ವಾಲ್ಟ್ಜ್, ಅಂದರೆ ನೃತ್ಯದ ಸಂಗೀತ. ರಾಬರ್ಟ್ ಕೋಬರ್ಟ್ ಸಂಯೋಜಿಸಿದ ಆ ವಾಲ್ಟ್ಜ್ ‘ಕ್ವೆಂಟಿನ್ಸ್ ಥೀಮ್’ ಹೆಸರಿನಲ್ಲಿ 1969ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 13ನೇ ಸ್ಥಾನಕ್ಕೇರಿತು. ಅಷ್ಟು ಹೊತ್ತಿಗೆ ನೋಡುಗರೂ ಬದಲಾಗಿದ್ದರು. ಗೃಹಿಣಿಯರಿಗೆಂದು ಮಾಡಿದ ಧಾರಾವಾಹಿಗೆ ಶಾಲೆ ಬಿಟ್ಟು ಮನೆಗೆ ಓಡಿಬರುವ ಮಕ್ಕಳೇ ದೊಡ್ಡ ಗುಂಪು. ಕಾಮಿಕ್ಸ್, ಕಾದಂಬರಿ, ಬಬಲ್‌ಗಮ್ ಕಾರ್ಡುಗಳು ಬಂದವು.

ಸಾಯದವನ ಕಷ್ಟ

1970ರಲ್ಲಿ ಎಂಜಿಎಂ ಕಂಪನಿಗೆ ‘ಹೌಸ್ ಆಫ್ ಡಾರ್ಕ್ ಶ್ಯಾಡೋಸ್’ ಸಿನಿಮಾ ಮಾಡುವಾಗ ಧಾರಾವಾಹಿಯೂ ನಡೆಯುತ್ತಲೇ ಇತ್ತು. ಫ್ರಿಡ್ ಎರಡೂ ಕಡೆ ಇರಲಾರರು. ಪರಿಹಾರ: ಸಮಾನಾಂತರ ಕಾಲದಲ್ಲಿ ಬಾರ್ನಬಸ್‌ನನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಸರಪಳಿ ಬಿಗಿದರು! ನಟನ ರಜೆಯನ್ನೇ ಕಥೆ ಮಾಡುವ ಈ ಜಾಣ್ಮೆ ಹಗಲು ಧಾರಾವಾಹಿಯವರಿಗೇ ಸಾಧ್ಯ.

ಫ್ರಿಡ್ ಅವರಿಗೆ ಅಷ್ಟರಲ್ಲಿ ಸಾಕಾಗಿತ್ತು. ಎರಡನೇ ಸಿನಿಮಾಕ್ಕೆ ಒಲ್ಲೆ ಎಂದರು, ಅದರ ನಾಯಕರಾಗಿ ಸೆಲ್ಬಿ ಬಂದರು. ಧಾರಾವಾಹಿಯಲ್ಲೂ ಪಿಶಾಚಿ ಬೇಡವೆಂದು ಹಟ ಹಿಡಿದು ಕೊನೆಯ ಭಾಗದಲ್ಲಿ ಬ್ರಾಮ್‌ವೆಲ್ ಎಂಬ ಮಾಮೂಲಿ ಮನುಷ್ಯನಾದರು. ವೀಕ್ಷಕರ ಸಂಖ್ಯೆ ಇಳಿಯುತ್ತಿತ್ತು. 1971ರ ಏಪ್ರಿಲ್ 2ರ ಕಂತಿನ ಕೊನೆಗೆ ನಟ ಥೇಯರ್ ಡೇವಿಡ್ ಅವರ ಧ್ವನಿ ಆ ಕುಟುಂಬ ಮುಂದೆ ಹೇಗೆ ಬಾಳಿತೆಂದು ಹೇಳಿ ಮುಗಿಸಿತು.

ಇನ್ನು ನಟರ ಮುಂದಿನ ದಾರಿ. ಇದನ್ನು ಅದೃಷ್ಟದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಒಂದು ಕ್ರಮ ಕಾಣುತ್ತದೆ. ತಂಡದ ಉಳಿದವರಿಗೆ ಪ್ರತಿ ಕಾಲಕ್ಕೂ ಹೊಸ ಪಾತ್ರ ಸಿಗುತ್ತಿತ್ತು. ಬಾರ್ನಬಸ್ ಸಾವಿಲ್ಲದವನು. 1795ರಲ್ಲೂ ಅವನೇ, 1897ರಲ್ಲೂ ಅವನೇ, ಇಂದೂ ಅವನೇ. ಹಾಗಾಗಿ ಇಡೀ ತಂಡದಲ್ಲಿ ಬಹುಕಾಲ ಒಂದೇ ಪಾತ್ರಕ್ಕೆ ಕಟ್ಟಿಬಿದ್ದವರು, ತಂಡದ ಅತಿ ದೊಡ್ಡ ತಾರೆಯೇ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ್ದ ಫ್ರಿಡ್ ಆಮೇಲೆ ಮಾಡಿದ ಚಿತ್ರಗಳು ಬೆರಳೆಣಿಕೆ, ಅವೂ ಭಯಾನಕ ಕಥೆಗಳೇ. 1974ರ ‘ಸೀಜರ್’ (Seizure) ಅವುಗಳಲ್ಲಿ ಒಂದು, ಮುಂದೆ ಹೆಸರು ಮಾಡಿದ ಆಲಿವರ್ ಸ್ಟೋನ್ ನಿರ್ದೇಶನದ ಮೊದಲ ಚಿತ್ರ ಅದು. ಅಲ್ಲಿಂದ ಕ್ಯಾಮೆರಾದಿಂದ ದೂರ ಸರಿದರು. ಎಂಬತ್ತರ ದಶಕದಲ್ಲಿ ಕಥೆ-ಕವಿತೆ ಓದುವ ಏಕವ್ಯಕ್ತಿ ಪ್ರದರ್ಶನಗಳನ್ನು ಕೊಟ್ಟರು, ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ನಾಟಕದಲ್ಲಿ ಏಬ್ ವಿಗೋಡಾ ಬಿಟ್ಟ ಪಾತ್ರ ವಹಿಸಿಕೊಂಡರು. ‘ಗಾಡ್‌ಫಾದರ್’ನ ಟೆಸ್ಸಿಯೊ ಆಗಿ ಜಗತ್ತಿಗೆ ಗೊತ್ತಿರುವ ಆ ವಿಗೋಡಾ ಕೂಡ 1969ರಲ್ಲಿ ‘ಡಾರ್ಕ್ ಶ್ಯಾಡೋಸ್’ನಲ್ಲಿ ಮುದುಕ ಅಕ್ಕಸಾಲಿಗನಾಗಿ ಬಂದು ಹೋಗಿದ್ದವರು.

ಬಗೆಬಗೆಯ ವೇಷ ಹಾಕಿದವರು ಬಗೆಬಗೆಯ ಕಡೆ ಹೋದರು. ವಿಲ್ಲಿಯಾಗಿ, ಮತ್ತೆ ಬೇರೆ ಬೇರೆ ಕಾಲದಲ್ಲಿ ಕಾರ್ಲ್, ಡೆಸ್ಮಂಡ್ ಆಗಿ ಕಾಣಿಸಿಕೊಂಡ ಜಾನ್ ಕಾರ್ಲೆನ್ ‘ಕ್ಯಾಗ್ನಿ ಅಂಡ್ ಲೇಸಿ’ ಟಿವಿ ಸರಣಿಯಲ್ಲಿ ಪೊಲೀಸ್ ಅಧಿಕಾರಿಯ ಗಂಡನ ಪಾತ್ರ ಮಾಡಿ 1986ರಲ್ಲಿ ಎಮ್ಮಿ ಪಡೆದರು. ಪಿಶಾಚಿಯ ಆಳಾಗಿ ನಡುಗುತ್ತಿದ್ದವನು ಅಡುಗೆಮನೆಯಲ್ಲಿ ಹೆಂಡತಿಗೆ ಸಮಾಧಾನ ಹೇಳುವ ಗಂಡನಾದದ್ದು ನೋಡುವಂಥದ್ದು. ಥೇಯರ್ ಡೇವಿಡ್ 1976ರ ‘ರಾಕಿ’ಯಲ್ಲಿ ಬಾಕ್ಸಿಂಗ್ ಪಂದ್ಯಗಳ ಆಯೋಜಕರಾದರು, ಎರಡು ವರ್ಷದಲ್ಲಿ ತೀರಿಕೊಂಡರು. ಕೊನೆಯ ವರ್ಷ ಸೇರಿದ ಕೇಟ್ ಜಾಕ್ಸನ್ 1976ರಲ್ಲಿ ‘ಚಾರ್ಲೀಸ್ ಏಂಜೆಲ್ಸ್’ನಿಂದ ಮನೆಮಾತಾದರು. 1897ರ ಭಾಗದಲ್ಲಿ ಬಂದ ಡೊನಾ ಮೆಕೆಕ್ನಿ ‘ಎ ಕೋರಸ್ ಲೈನ್’ಗಾಗಿ 1976ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದರು. ಸೆಲ್ಬಿ 1982ರಿಂದ 1990ರವರೆಗೆ ‘ಫಾಲ್ಕನ್ ಕ್ರೆಸ್ಟ್’ನಲ್ಲಿ ಇದ್ದರು. ಬೆನೆಟ್ 1977ರಲ್ಲಿ ಇಟಲಿಯ ದಾರಿಯೊ ಅರ್ಜೆಂಟೊ ಅವರ ‘ಸಸ್ಪಿರಿಯಾ’ದಲ್ಲಿ ಮತ್ತೊಂದು ಗುಟ್ಟಿನ ಮನೆಯ ಒಡತಿಯಾದರು.

ಮಿಚೆಲ್ ರಯಾನ್ ಕಥೆ ಬೇರೆ. ಮೊದಲ ವರ್ಷದ ನಾಯಕ ಬರ್ಕ್ ಡೆವ್ಲಿನ್ ಅವರು. ಕುಡಿತದಿಂದಾಗಿ 1967ರಲ್ಲಿ ಕೆಲಸ ಕಳೆದುಕೊಂಡರು, ಅದನ್ನು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರ ಜಾಗಕ್ಕೆ ಬಂದ ಆಂಥನಿ ಜಾರ್ಜ್ ಒಳ್ಳೆಯ ನಟರೇ, ಆದರೆ ನೋಡುಗರು ಅವರನ್ನು ಬರ್ಕ್ ಎಂದು ಒಪ್ಪಲಿಲ್ಲ. ಒಂದು ಮುಖ ನಾಲ್ಕು ಹೆಸರು ಹೊತ್ತರೆ ಸರಿ, ಒಂದು ಹೆಸರಿಗೆ ಎರಡು ಮುಖ ಬಂದರೆ ತಕರಾರು. ಈ ಧಾರಾವಾಹಿಯ ನೋಡುಗರ ನಿಷ್ಠೆ ಯಾವ ಕಡೆಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ರಯಾನ್ ಕುಡಿತ ಬಿಟ್ಟು ‘ಲೀಥಲ್ ವೆಪನ್’ನ ಖಳನಾಗಿ, ‘ಧರ್ಮಾ ಅಂಡ್ ಗ್ರೆಗ್’ನ ಸಿರಿವಂತ ಅಪ್ಪನಾಗಿ ದೀರ್ಘಕಾಲ ದುಡಿದು 2022ರಲ್ಲಿ ತೀರಿಕೊಂಡರು.

ಮ್ಯಾಗಿ, ಜೋಸೆಟ್ ಆಗಿದ್ದ ಕ್ಯಾಥರಿನ್ ಲೀ ಸ್ಕಾಟ್ ಸ್ವಂತ ಪ್ರಕಾಶನ ಸಂಸ್ಥೆ ಕಟ್ಟಿ ‘ಡಾರ್ಕ್ ಶ್ಯಾಡೋಸ್’ ನೆನಪುಗಳನ್ನು ತಾವೇ ಪುಸ್ತಕ ಮಾಡಿದರು. ಆಂಜೆಲಿಕ್ 1998ರಲ್ಲಿ ಕಾದಂಬರಿಯಾಗಿ ಮತ್ತೆ ಬಂದಳು, ಬರೆದವರು ಆ ಪಾತ್ರ ಮಾಡಿದ ಲಾರಾ ಪಾರ್ಕರ್ ಅವರೇ. 2023ರಲ್ಲಿ ಅವರು ತೀರಿಕೊಂಡಾಗ ಅಭಿಮಾನಿಗಳು ಕಳೆದುಕೊಂಡದ್ದು ನಟಿಯನ್ನು, ಜೊತೆಗೆ ಆ ಕಥೆಯ ಒಬ್ಬ ಬರಹಗಾರ್ತಿಯನ್ನು.

ಕರ್ಟಿಸ್ ಅವರು ‘ದಿ ವಿಂಡ್ಸ್ ಆಫ್ ವಾರ್’, ‘ವಾರ್ ಅಂಡ್ ರಿಮೆಂಬ್ರೆನ್ಸ್’ ಎಂಬ ಬೃಹತ್ ಯುದ್ಧ ಸರಣಿಗಳಿಗೆ ಹೋದರು. 1991ರಲ್ಲಿ ಎನ್‌ಬಿಸಿಗೆ ‘ಡಾರ್ಕ್ ಶ್ಯಾಡೋಸ್’ ಹೊಸದಾಗಿ ಮಾಡಿದರು, ಬಾರ್ನಬಸ್ ಆಗಿ ಬೆನ್ ಕ್ರಾಸ್, ಎಲಿಜಬೆತ್ ಆಗಿ ಜೀನ್ ಸಿಮನ್ಸ್. ಕೊಲ್ಲಿ ಯುದ್ಧದ ಸುದ್ದಿ ಪ್ರಸಾರದ ವೇಳೆಯನ್ನೆಲ್ಲ ಏರುಪೇರು ಮಾಡಿತು, ಒಂದೇ ಋತುವಿಗೆ ನಿಂತಿತು. 2012ರ ಟಿಮ್ ಬರ್ಟನ್ ಸಿನಿಮಾದಲ್ಲಿ ಜಾನಿ ಡೆಪ್ ಬಾರ್ನಬಸ್ ಆದರು. ಅದರ ಔತಣದ ದೃಶ್ಯದಲ್ಲಿ ಫ್ರಿಡ್, ಪಾರ್ಕರ್, ಸ್ಕಾಟ್, ಸೆಲ್ಬಿ ಅತಿಥಿಗಳಾಗಿ ಒಂದು ಕ್ಷಣ ಬಂದು ಹೋಗುತ್ತಾರೆ. ಸಿನಿಮಾ ಬಿಡುಗಡೆಗೆ ಕೆಲವೇ ವಾರ ಮುಂಚೆ, ಆ ಏಪ್ರಿಲ್‌ನಲ್ಲಿ, ಫ್ರಿಡ್ ತಮ್ಮ ಹುಟ್ಟೂರಿನಲ್ಲೇ ತೀರಿಕೊಂಡರು. ಆ ಸಿನಿಮಾದ ಬಗ್ಗೆ ಹಳೆಯ ಅಭಿಮಾನಿಗಳಲ್ಲಿ ಒಮ್ಮತ ಇಲ್ಲ. ಮೂಲದವರು ಬೇಕೆಂದು ನಗಿಸಲು ಹೋದವರಲ್ಲ, ಇದು ಬೇಕೆಂದೇ ನಗಿಸುತ್ತದೆ. ನನಗೆ ಹಿಡಿಸದ್ದೂ ಅದೇ.

ಇಷ್ಟೆಲ್ಲ ಮಾತಾಡಲು ಸಾಧ್ಯವಾದದ್ದು ಟೇಪುಗಳು ಉಳಿದದ್ದರಿಂದ. ಆ ಕಾಲದ ಹಗಲು ಧಾರಾವಾಹಿಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತೆಗೆಯುವುದು ಮಾಮೂಲು. ಇಲ್ಲಿ 1,225ರಲ್ಲಿ ಪೂರ್ತಿ ಕಳೆದುಹೋದದ್ದು 1,219ನೇ ಸಂಖ್ಯೆಯ ಒಂದೇ ಕಂತು. ಅದನ್ನೂ ಉಳಿದಿದ್ದ ಧ್ವನಿಮುದ್ರಣದ ಮೇಲೆ ಸ್ಥಿರಚಿತ್ರ ಜೋಡಿಸಿ ಮತ್ತೆ ಕಟ್ಟಿದ್ದಾರೆ. 1975ರಿಂದ ಸ್ಥಳೀಯ ವಾಹಿನಿಗಳ ಮರುಪ್ರಸಾರ, ತೊಂಬತ್ತರ ದಶಕದಲ್ಲಿ ಸೈ-ಫೈ ವಾಹಿನಿ, 2012ರಲ್ಲಿ ಶವಪೆಟ್ಟಿಗೆಯ ಆಕಾರದ ಡಬ್ಬದಲ್ಲಿ 131 ಡಿವಿಡಿ. 1983ರಿಂದ ನಡೆದ ‘ಡಾರ್ಕ್ ಶ್ಯಾಡೋಸ್ ಫೆಸ್ಟಿವಲ್’ಗಳಲ್ಲಿ ನಟರೂ ಅಭಿಮಾನಿಗಳೂ ಮುಖಾಮುಖಿ ಕೂತರು. ಆ ನಟರ ಬದುಕಿನ ಸುದ್ದಿ ಅಭಿಮಾನಿಗಳಿಗೆ ಇಷ್ಟು ಹತ್ತಿರದ್ದಾಗಲು ಇದೂ ಕಾರಣ.

ನೋಡಲು ಶುರು ಮಾಡುವವರು ಎಲ್ಲಿಂದ ಹಿಡಿಯಬೇಕು? ಮರುಪ್ರಸಾರಗಳು ಬಹುಮಟ್ಟಿಗೆ ಪೆಟ್ಟಿಗೆ ತೆರೆಯುವ 210ನೇ ಕಂತಿನಿಂದಲೇ ಆರಂಭವಾಗುತ್ತಿದ್ದವು, ಹೆಚ್ಚಿನವರ ಸಲಹೆಯೂ ಅದೇ. ಅಲ್ಲಿಂದ 1795 ಮುಗಿಯುವವರೆಗೆ, ಅಂದರೆ 460ರ ಆಸುಪಾಸಿನವರೆಗೆ, ಬಿಡದೆ ನೋಡಿ. ಆಮೇಲೆ ಬೇಸರ ಬಂದರೆ 701ಕ್ಕೆ ಹಾರಿ 1897ಕ್ಕೆ ಹೋಗಿ. ಮುಖಗಳ ಪರಿಚಯ ಅಷ್ಟರಲ್ಲಿ ಆಗಿರುತ್ತದೆ. ಬಾರ್ನಬಸ್ ಇಲ್ಲದ ಮೊದಲ 209 ಕಂತುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ನೋಡಿದರೆ ಅವು ಸಪ್ಪೆ ಎನಿಸಬಹುದು. ಜೋಶುವಾ ಮತ್ತು ನೇಯೋಮಿಯನ್ನು ಕಂಡು ಬಂದ ಮೇಲೆ ನೋಡಿದರೆ, ರೋಜರ್ ಮತ್ತು ಎಲಿಜಬೆತ್ ಕಾಫಿ ಕುಡಿಯುತ್ತಾ ಮನೆಯ ಲೆಕ್ಕಾಚಾರ ಮಾತಾಡುವ ದೃಶ್ಯವೂ ರುಚಿ ಕೊಡುತ್ತದೆ.